ಮೀನು ಬಂದದ್ದು ಎಷ್ಟು ಹೊತ್ತಿಗೆ?

ನಮಸ್ಕಾರ.

ಲಕ್ಷದ್ವೀಪದ ಕಡ್ಮತ್‌ನಲ್ಲಿ ಹವಳ ದಿಬ್ಬದ ಮೀನುಗಳನ್ನು ನೋಡಿ ಬಂದು ನೀವು ಬರೆದ ಲೇಖನ ತಲುಪಿತು. ಮಾಹಿತಿ ಸರಿಯಿದೆ, ಕಾಗುಣಿತ ಸರಿಯಿದೆ, ರೆಸಾರ್ಟಿನ ವರ್ಣನೆ ಇಲ್ಲ. ಸಂತೋಷ. ಆದರೆ ಈಗಿರುವ ಹಾಗೆ ಹಾಕಲಾರೆ.

ಮೊದಲ ಪುಟದಲ್ಲೇ ತಡವರಿಸಿದೆ. ‘ರೀಫ್ ಫ್ಲ್ಯಾಟ್‌ನಲ್ಲಿ ಗಿಳಿ ಮೀನು, ಸರ್ಜನ್ ಮೀನು, ಮೇಕೆ ಮೀನು ಮುಂತಾದವು ವಾಸಿಸುತ್ತವೆ.’ ವಾಸಿಸುತ್ತವಾ? ದಂಡೆಯಿಂದ ಅಲೆ ಒಡೆಯುವ ಅಂಚಿನವರೆಗೆ ಮಟ್ಟಸವಾಗಿ ಹಬ್ಬಿದ ಹವಳದ ನೆಲ ಅದು ಅಂತ ನೀವೇ ಹೇಳಿದ್ದೀರಿ. ಇಳಿತದ ಹೊತ್ತಿಗೆ ಅಲ್ಲಿ ಮೊಣಕಾಲುದ್ದ ನೀರೂ ಇರುವುದಿಲ್ಲ. ಕೆಲವು ಕಡೆ ಕಲ್ಲೇ ಬಿಸಿಲಿಗೆ ಬೀಳುತ್ತದೆ. ಆಗ ಇವೆಲ್ಲ ಎಲ್ಲಿರುತ್ತವೆ? ಸಣ್ಣವು ನೀರು ನಿಂತ ಗುಂಡಿಗಳಲ್ಲಿ ಉಳಿಯುತ್ತವೆ. ದೊಡ್ಡವು ಅಂಚಿನಾಚೆ ಆಳದಲ್ಲಿರುತ್ತವೆ. ನೀರು ಏರತೊಡಗಿದ ಮೇಲೆ ಗುಂಪುಗುಂಪಾಗಿ ಒಳಗೆ ಬಂದು ಮೇಯುತ್ತವೆ, ನೀರಿಳಿಯುವ ಮೊದಲೇ ಜಾಗ ಖಾಲಿ ಮಾಡುತ್ತವೆ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಂದರೆ ಊಟದ ಹೊತ್ತು ದಿನಾ ಬದಲು. ನಿಮ್ಮ ಐದು ಪುಟದಲ್ಲಿ ಉಬ್ಬರದ ಸುದ್ದಿಯೇ ಇಲ್ಲ.

ಮುಂದಿನ ಸಾಲು: ‘ಅವು ದಿನವಿಡೀ ಆಹಾರ ಸೇವಿಸುತ್ತವೆ.’ ಯಾವುವು? ಗಿಳಿ ಮೀನು, ಸರ್ಜನ್ ಮೀನು ಹಗಲಿನವು. ಅದರಲ್ಲೂ ಮಧ್ಯಾಹ್ನದ ಮೇಲೆ ಮೇಯುವುದು ಜಾಸ್ತಿ, ಯಾಕೆಂದರೆ ಬಿಸಿಲು ಉಂಡ ಪಾಚಿಯಲ್ಲಿ ಆಗ ಸತ್ವ ಹೆಚ್ಚು. ಸಂಜೆಯಾದರೆ ಸಂದು ಸೇರುತ್ತವೆ. ಗಿಳಿ ಮೀನಿನ ಕೆಲವು ಜಾತಿಗಳಂತೂ ಮೈಸುತ್ತ ಲೋಳೆಯ ಚೀಲ ಕಟ್ಟಿಕೊಂಡು ಮಲಗುತ್ತವೆ. ಕತ್ತಲಾದ ಮೇಲೆ ಹೊರಗೆ ಬರುವುದು ಕೆಂಪು ಮೈಯ, ದಪ್ಪ ಕಣ್ಣಿನ ಸ್ಕ್ವಿರಲ್ ಮೀನು, ಕಾರ್ಡಿನಲ್ ಮೀನು. ಅದೇ ದಿಬ್ಬ, ಬೇರೆ ಪಾಳಿ.

ನಾನು ಕೆಲಸ ಕಲಿತದ್ದು ಕರಾವಳಿಯ ಒಂದು ದಿನಪತ್ರಿಕೆಯಲ್ಲಿ. ಅಲ್ಲಿನ ಹಿರಿಯ ಉಪಸಂಪಾದಕರೊಬ್ಬರು ಯಾವ ವರದಿ ಕೊಟ್ಟರೂ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಎಷ್ಟು ಹೊತ್ತಿಗೆ?’ ಅಂತ ಬರೆದು ವಾಪಸ್ ತಳ್ಳುತ್ತಿದ್ದರು. ಮಲ್ಪೆಯ ಮೀನು ಹರಾಜಿಗೂ ಅದೇ, ಗ್ರಂಥಾಲಯದ ಉದ್ಘಾಟನೆಗೂ ಅದೇ. ಒಂದು ಶ್ರದ್ಧಾಂಜಲಿಗೂ ಕೇಳಿದ್ದರು! ಮೈಯೆಲ್ಲ ಉರಿಯುತ್ತಿತ್ತು. ಉತ್ತರ ಬೇಕೆಂದರೆ ಬಸ್ಸು ಹತ್ತಿ ಬಂದರಿಗೇ ಹೋಗಬೇಕು. ಹೋದರೆ ಬೋಟು ಬರುವ ಹೊತ್ತು ಮಾತ್ರ ಅಲ್ಲ, ಯಾರು ಯಾರಿಗೆ ಸಾಲ ಕೊಟ್ಟಿದ್ದಾರೆ ಅನ್ನುವವರೆಗೂ ತಿಳಿಯುತ್ತಿತ್ತು. ಆ ಮನುಷ್ಯನಿಗೆ ಅದು ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ.

ಎರಡನೆಯದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ‘ಗಿಳಿ ಮೀನುಗಳು ಹವಳವನ್ನು ರಕ್ಷಿಸುವ ಮಹತ್ಕಾರ್ಯದಲ್ಲಿ ನಿರತವಾಗಿವೆ.’ ಅದಕ್ಕೆ ಸನ್ಮಾನ ಮಾಡಿ ಶಾಲು ಹೊದಿಸಬೇಕಾ? ಅದಕ್ಕೆ ಹಸಿವಾಗಿದೆ, ಅಷ್ಟೇ. ಹಲ್ಲುಗಳೆಲ್ಲ ಕೂಡಿ ಕೊಕ್ಕಾಗಿವೆ. ಸತ್ತ ಹವಳದ ಕಲ್ಲಿಗೆ ಅಂಟಿದ ಪಾಚಿಯನ್ನು ಅದು ಕಲ್ಲಿನ ಸಮೇತ ಕೆರೆಯುತ್ತದೆ. ಗಂಟಲಲ್ಲಿ ಇನ್ನೊಂದು ಜೊತೆ ಹಲ್ಲು ಅದನ್ನು ಅರೆಯುತ್ತವೆ. ದಕ್ಕಿದ್ದು ಹೊಟ್ಟೆಗೆ, ಮಿಕ್ಕಿದ್ದು ಬಿಳಿ ಮರಳಾಗಿ ಹೊರಗೆ. ನೀವು ಫೋಟೋ ಕಳಿಸಿದ ಆ ಬೆಳ್ಳನೆಯ ದಂಡೆಯಲ್ಲಿ ಇದರ ಪಾಲೂ ಇದೆ. ಕೆರೆದ ಜಾಗ ಬರಿದಾದರೆ ಅಲ್ಲಿ ಮರಿ ಹವಳ ಕೂರಬಹುದು. 1998ರಲ್ಲಿ ಸಮುದ್ರ ಬಿಸಿಯಾಗಿ ಲಕ್ಷದ್ವೀಪದ ಹವಳ ಬಿಳಿಚಿ ರಾಶಿ ರಾಶಿ ಸತ್ತಾಗ, ಆ ಅಸ್ಥಿಪಂಜರದ ಮೇಲೆ ಪಾಚಿ ಗೆಲ್ಲುತ್ತದೋ ಹೊಸ ಹವಳ ಗೆಲ್ಲುತ್ತದೋ ಅನ್ನುವ ಪ್ರಶ್ನೆಯಲ್ಲಿ ಇಂಥ ಬಾಯಿಗಳ ಪಾತ್ರ ದೊಡ್ಡದು. ಇಷ್ಟು ಹೇಳಿದರೆ ಸಾಕಲ್ವಾ? ಇದೇ ಮೀನು ಬದುಕಿರುವ ಹವಳಕ್ಕೂ ಆಗಾಗ ಬಾಯಿ ಹಾಕುತ್ತದೆ. ಅದನ್ನು ನೀವು ಬಿಟ್ಟಿದ್ದೀರಿ, ಮಹತ್ಕಾರ್ಯಕ್ಕೆ ಹೊಂದಲಿಲ್ಲ ಅಂತ ತೋರುತ್ತದೆ.

ಈಗ ನಾಲ್ಕನೇ ಪುಟ. ಅಂಗೈ ಅಗಲದ ಡ್ಯಾಮ್ಸೆಲ್ ಮೀನೊಂದು ತನ್ನ ಪಾಚಿಯ ತೋಟ ಕಾಯುತ್ತಾ ನಿಮ್ಮ ಮಾಸ್ಕಿಗೇ ಕುಕ್ಕಿತು. ಅಷ್ಟರಲ್ಲಿ ಮೈಮೇಲೆ ಕಪ್ಪು ಪಟ್ಟೆಯ ಸರ್ಜನ್ ಮೀನುಗಳ ದೊಡ್ಡ ಹಿಂಡು ಬಂತು. ಒಂದನ್ನು ಅಟ್ಟಿದರೆ ಹತ್ತು ಒಳಗೆ. ಬೇಲಿ ಮುರಿದು ಗದ್ದೆಗೆ ಬಿದ್ದ ದನಗಳ ಹಾಗೆ ಮೇಯ್ದು ಹೋದವು. ಒಂಟಿಯಾಗಿ ಬಂದಿದ್ದರೆ ಅವಕ್ಕೆ ಒಂದು ಬಾಯಿ ಪಾಚಿಯೂ ಸಿಗುತ್ತಿರಲಿಲ್ಲ. ಗುಂಪು ಕಟ್ಟುವುದರ ಗುಟ್ಟೇ ಇದು. ಇದನ್ನು ಕಣ್ಣಾರೆ ಕಂಡೂ ಮೂರು ಸಾಲಲ್ಲಿ ಮುಗಿಸಿ, ಸುಮ್ನೆ ಕುಟುಂಬವಾರು ಪಟ್ಟಿಗೆ ಎರಡು ಪುಟ ಕೊಟ್ಟಿದ್ದೀರಲ್ಲ!

ಅಲ್ಲಿಂದಲೇ ಶುರು ಮಾಡಿ. ನೀರು ಎಷ್ಟಿತ್ತು, ಏರುತ್ತಿತ್ತೋ ಇಳಿಯುತ್ತಿತ್ತೋ ಬರೆಯಿರಿ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಪ್ಯಾರಾ ತೆಗೆಯಿರಿ. ಅಲ್ಲಿ ಹವಳ ಇದೆ, ನಿಜ. ಆದರೆ ಅದು ಬಂಡೆಗೆ ಹತ್ತಿ ಬೆಳೆದದ್ದು, ಕಡ್ಮತ್‌ನಂಥ ಮಟ್ಟಸ ದಿಬ್ಬ ಅಲ್ಲಿಲ್ಲ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಇಟ್ಟಿದ್ದೇನೆ, 15ರೊಳಗೆ ಕಳಿಸಿ.

— ಸಂ.