ಅಜ್ಜಿ ಕಾಲದ ಅಡುಗೆಮನೆ ಸಾಮಾನಿನಲ್ಲಿ ಸಕ್ಯುಲೆಂಟ್ ಬೆಳೆಸಬಹುದಾ?

ದಾವಣಗೆರೆಯ ಹಳೇ ಮನೆ ಖಾಲಿ ಮಾಡುತ್ತಿದ್ದೇವೆ, ಅಜ್ಜಿಯ ಇಡ್ಲಿ ತಟ್ಟೆ, ಇದ್ದಿಲ ಒಲೆ, ಉಪ್ಪಿನಕಾಯಿ ಜಾಡಿ, ಹಿತ್ತಾಳೆ ಕೊಳಗ, ಬೀಸುವ ಕಲ್ಲು ಯಾವುದನ್ನೂ ಗುಜರಿಗೆ ಹಾಕಲು ಮನಸ್ಸಿಲ್ಲ, ಬಾಲ್ಕನಿಯಲ್ಲಿ ಅವುಗಳಲ್ಲೇ ಸಕ್ಯುಲೆಂಟ್ (ದಪ್ಪ ಎಲೆ, ಕಾಂಡದಲ್ಲಿ ನೀರು ಕೂಡಿಡುವ ಗಿಡ) ಜೋಡಿಸಬಹುದಾ ಅಂತ ಕೇಳಿದ್ದೀರಿ. ಹಿಂದೆ ಟೀ ಕಪ್ಪಿನಲ್ಲಿ ಹಾಕಿದ ಗಿಡಗಳು ಕೊಳೆತು ಹೋದವು ಅಂತಲೂ ಬರೆದಿದ್ದೀರಿ.

ಧಾರಾಳವಾಗಿ ಜೋಡಿಸಬಹುದು. ನಮ್ಮದು ಚಿತ್ರದುರ್ಗ. ನಮ್ಮ ತಾರಸಿಯಲ್ಲಿ ಕುಂಡಗಳಿಗಿಂತ ಅಡುಗೆಮನೆ ಸಾಮಾನೇ ಜಾಸ್ತಿ. ಒಂದು ಸಾಮಾನು ಕೈಗೆ ಬಂದರೆ ನಾನು ಮೊದಲು ನೋಡುವುದು ತೂತು. ಚೆಂದ ಆಮೇಲೆ. ನೀರು ಬಸಿಯಲಿ, ಹಬೆ ಹೋಗಲಿ, ಬೂದಿ ಬೀಳಲಿ ಅಂತ ಮಾಡಿದ ಹಳೇ ಸಾಮಾನುಗಳು ಈ ಗಿಡಗಳಿಗೆ ಹೇಳಿ ಮಾಡಿಸಿದಂತಿವೆ. ಅವನ್ನು ಕೊರೆಯುವುದೂ ಬೇಡ, ಒಡೆಯುವುದೂ ಬೇಡ. ನಿಮ್ಮ ಪಟ್ಟಿಯಲ್ಲಿ ಅಂಥವು ಮೂರು ಇವೆ.

ಮೊದಲು ಟೀ ಕಪ್ಪಿನ ವಿಷಯ. ತಳಕ್ಕೆ ಒಂದಿಷ್ಟು ಜಲ್ಲಿ ಹಾಕಿದರೆ ಸಾಕು ಅಂತ ತುಂಬಾ ಜನ ಹೇಳುತ್ತಾರೆ. ಸಾಕಾಗುವುದಿಲ್ಲ. ನುಣ್ಣನೆ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತಾನು ಪೂರ್ತಿ ನೆನೆದು ತುಂಬುವವರೆಗೂ ಕೆಳಗಿನ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಜಲ್ಲಿ ಹಾಕಿದಷ್ಟೂ ಒದ್ದೆ ಮಣ್ಣು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತೂತಿಲ್ಲದ ಕಪ್ಪಿನಲ್ಲಿ ಆ ನೀರಿಗೆ ಹೋಗಲು ಜಾಗವೂ ಇಲ್ಲ. ಸಕ್ಯುಲೆಂಟ್ ತನಗೆ ಬೇಕಾದ ನೀರನ್ನು ಎಲೆಯಲ್ಲೋ ಕಾಂಡದಲ್ಲೋ ಕೂಡಿಟ್ಟುಕೊಂಡಿರುತ್ತದೆ. ಬಹುಪಾಲು ಜಾತಿಗಳು ಎಲೆಯ ಸಣ್ಣ ರಂಧ್ರಗಳನ್ನು ಹಗಲು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆಯುತ್ತವೆ. ಅದರಿಂದ ನೀರು ಆರಿಹೋಗುವುದು ಬಹಳ ಕಡಿಮೆ. ಅಂಥ ಗಿಡದ ಬೇರು ಸದಾ ಒದ್ದೆಯಲ್ಲಿ ಕೂತರೆ ಕೊಳೆಯದೆ ಇನ್ನೇನು?

ಈಗ ಇಡ್ಲಿ ತಟ್ಟೆ. ಅದರಲ್ಲಿ ದೊಡ್ಡ ಗಿಡ ಹಾಕಲು ಹೋಗಬೇಡಿ, ಆಳ ಸಾಲದು. ಆದರೆ ಎಲೆಯಿಂದ ಮರಿ ಮಾಡಲು ಅದರಷ್ಟು ಒಳ್ಳೆಯ ಸಾಮಾನು ನಾನು ಕಂಡಿಲ್ಲ. ಪ್ರತಿ ಗುಳಿಯಲ್ಲೂ ತೂತು ಇರುತ್ತದೆ, ಅಲ್ವಾ? ಹಳೇ ಸೊಳ್ಳೆ ಪರದೆಯ ತುಂಡು ಹಾಸಿ, ಮೇಲೆ ದಪ್ಪ ಮರಳು ತುಂಬಿ. ಗ್ರಾಪ್ಟೊಪೆಟಲಮ್, ಸೆಡಮ್, ಎಚೆವೆರಿಯಾ ಇವುಗಳಿಂದ ತುಂಬಿದ ಎಲೆಯನ್ನು ಬುಡಸಮೇತ ಬಿಡಿಸಿಕೊಳ್ಳಿ. ಬುಡ ಹರಿದರೆ ಆ ಎಲೆ ಮರಿ ಹಾಕುವುದು ಕಷ್ಟ. ಮೂರ್ನಾಲ್ಕು ದಿನ ನೆರಳಲ್ಲಿ ಸುಮ್ನೆ ಬಿಡಿ, ಗಾಯ ಒಣಗಲಿ. ಆಮೇಲೆ ಗುಳಿಗೆ ಒಂದೊಂದರಂತೆ ಮರಳಿನ ಮೇಲೆ ಮಲಗಿಸಿ. ಹೂಳಬಾರದು. ಕೆಲವು ವಾರಗಳಲ್ಲಿ ಎಲೆಯ ಬುಡದಿಂದ ಗುಲಾಬಿ ಬಣ್ಣದ ನೂಲಿನಂಥ ಬೇರು ಇಣುಕುತ್ತದೆ, ಜೊತೆಗೇ ಸಾಸಿವೆ ಕಾಳಿನಷ್ಟು ಮರಿ. ಆಗ ಮರಳಿಗೆ ಸ್ವಲ್ಪ ನೀರು ಚಿಮುಕಿಸಲು ಶುರು ಮಾಡಿ. ಮರಿ ದಪ್ಪಗಾಗುತ್ತಾ ತಾಯಿ ಎಲೆ ಸುಕ್ಕಾಗಿ ಕಾಗದದಷ್ಟು ತೆಳ್ಳಗಾಗುತ್ತದೆ. ಅದನ್ನು ಕೀಳಬೇಡಿ, ತಾನೇ ಉದುರುತ್ತದೆ. ತಟ್ಟೆಗಳನ್ನು ಸ್ಟ್ಯಾಂಡಿಗೆ ಏರಿಸಿಟ್ಟರೆ ಕೆಳಗಿನವಕ್ಕೆ ಬೆಳಕು ಸಾಲುವುದಿಲ್ಲ. ಒಂದೊಂದನ್ನೇ ಬಿಡಿಯಾಗಿ ಕಟ್ಟೆಯ ಮೇಲೆ ಇಡಿ.

ನಿಮ್ಮ ಸಾಮಾನುಗಳಲ್ಲಿ ನನಗೆ ಹೊಟ್ಟೆಕಿಚ್ಚು ತರಿಸಿದ್ದು ಆ ಇದ್ದಿಲ ಒಲೆ. ನಡುವೆ ಕಬ್ಬಿಣದ ಜಾಲರಿ, ಕೆಳಗೆ ಬೂದಿ ಬೀಳುವ ಗೂಡು, ಮುಂದೆ ಗಾಳಿ ಬಾಯಿ. ನೀರು ನಿಲ್ಲುವ ಮಾತೇ ಇಲ್ಲ. ಬೂದಿಯನ್ನು ಚೆನ್ನಾಗಿ ಕೆರೆದು ತೊಳೆಯಿರಿ, ಇಲ್ಲದಿದ್ದರೆ ಮಣ್ಣು ಕ್ಷಾರವಾಗುತ್ತದೆ. ಜಾಲರಿ ಮೇಲೆ ತೆಂಗಿನ ನಾರು ಹಾಸಿ ಮಣ್ಣು ತುಂಬಿ. ನಡುವೆ ಒಂದು ಜೇಡ್ ಗಿಡ, ಅಂಚಿಗೆ ಇಳಿಬೀಳುವ ಸೆಡಮ್. ಅಷ್ಟು ಸಾಕು, ಇನ್ನೇನೂ ತುರುಕಬೇಡಿ. ಕಬ್ಬಿಣದ ತುಕ್ಕಿನಿಂದ ಗಿಡಕ್ಕೆ ಏನೂ ಆಗುವುದಿಲ್ಲ. ನೆಲಕ್ಕೆ ಕಲೆ ಆಗುತ್ತದೆ ಅಷ್ಟೇ, ಕೆಳಗೊಂದು ಹೆಂಚು ಇಟ್ಟರಾಯಿತು.

ಬೀಸುವ ಕಲ್ಲಿನ ಮೇಲಿನ ಭಾಗದಲ್ಲಿ ಕಾಳು ಹಾಕುವ ಬಾಯಿ ಇದೆಯಲ್ಲ, ಅದೇ ಕುಂಡ. ಕಲ್ಲನ್ನು ಎರಡು ಇಟ್ಟಿಗೆ ಮೇಲೆ ಇಟ್ಟು, ತೂತಿನ ಕೆಳಗೆ ಪರದೆ ತುಂಡು ಕೊಟ್ಟು, ಒಂದೇ ಒಂದು ಸಣ್ಣ ಗಿಡ ಹಾಕಿ. ನಮ್ಮ ಕಡೆ ಬೆಟ್ಟಗಳ ಬಂಡೆ ಸಂದಿಯಲ್ಲಿ ಕಳ್ಳಿ ನಿಂತಿರುತ್ತದಲ್ಲ, ಅದೇ ಥರ ಕಾಣುತ್ತದೆ.

ಕೊಳಗಕ್ಕೆ ಮಾತ್ರ ದಯವಿಟ್ಟು ಡ್ರಿಲ್ ಹಾಕಿಸಬೇಡಿ. ಹಿತ್ತಾಳೆಯಲ್ಲಿರುವುದು ತಾಮ್ರ ಮತ್ತು ಸತು. ಒದ್ದೆ ಮಣ್ಣಿನ ಜೊತೆ ಸದಾ ತಾಗಿದ್ದರೆ ತಾಮ್ರ ಬಿಟ್ಟುಕೊಳ್ಳುತ್ತದೆ, ಜಾಸ್ತಿಯಾದರೆ ಅದು ಬೇರಿಗೆ ವಿಷ. ಗಿಡವನ್ನು ತೂತಿರುವ ಪ್ಲಾಸ್ಟಿಕ್ ಕುಂಡದಲ್ಲೇ ಇಟ್ಟು, ಕುಂಡವನ್ನು ಕೊಳಗದೊಳಗೆ ಇಳಿಸಿ. ನೀರು ಹಾಕುವಾಗ ಹೊರಗೆ ತೆಗೆದು, ಪೂರ್ತಿ ಬಸಿದ ಮೇಲೆ ವಾಪಸ್ ಇಡಿ. ಕೊಳಗವೂ ಉಳಿಯುತ್ತದೆ, ಮುಂದೆ ಮೊಮ್ಮಕ್ಕಳಿಗೂ ಸಿಗುತ್ತದೆ. ಜಾಡಿಗೂ ಇದೇ ಉಪಾಯ. ಕೊರೆಯಲೇಬೇಕು ಅಂದರೆ ಗಾಜು, ಟೈಲ್ಸ್ ಕೊರೆಯುವ ವಜ್ರದ ಬಿಟ್ ಬೇಕು. ನಿಧಾನವಾಗಿ, ನೀರು ಬಿಡುತ್ತಾ ಕೊರೆಯಬೇಕು. ಜಾಡಿಯ ಒಳಗೆ ಉಪ್ಪು ಉಳಿದಿರಬಹುದು, ಹಲವು ಸಲ ನೀರು ಬದಲಾಯಿಸಿ ನೆನೆಸಿ.

ಮಣ್ಣಿನ ಬಗ್ಗೆ ಒಂದು ಮಾತು. ನಿಮ್ಮ ಸುತ್ತಮುತ್ತ ಹೊಲಗಳಲ್ಲಿ ಸಿಗುವ ಎರೆಮಣ್ಣು ಹತ್ತಿಗೆ ಒಳ್ಳೆಯದು, ಇವುಗಳಿಗೆ ಬೇಡವೇ ಬೇಡ, ನೀರು ಬಿಡುವುದೇ ಇಲ್ಲ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಹಳೇ ಗೊಬ್ಬರ, ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆ ಚೂರು. ಕ್ರಷರ್ ಪುಡಿ ಬಳಸುವುದಾದರೆ ಜರಡಿ ಹಿಡಿದು ಧೂಳು ತೆಗೆಯಿರಿ.

ಹವೆ ನಮಗಿಂತ ನಿಮಗೆ ಸ್ವಲ್ಪ ಬೇರೆ. ದುರ್ಗದ ಒಣಗಾಳಿಗೆ ಕುಂಡ ಬೇಗ ಆರುತ್ತದೆ. ಭದ್ರಾ ಕಾಲುವೆ, ಗದ್ದೆಗಳ ಕಡೆ ಮನೆ ಇದ್ದರೆ ನಿಮಗೆ ಅಷ್ಟು ಬೇಗ ಆರುವುದಿಲ್ಲ. ವಾರಕ್ಕೊಮ್ಮೆ ಅಂತ ಲೆಕ್ಕ ಇಟ್ಟುಕೊಳ್ಳದೆ, ಬೆರಳು ಇಳಿಸಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ನೀರು. ಹಾಕಿದರೆ ಕೆಳಗಿಂದ ಇಳಿಯುವಷ್ಟು ಹಾಕಿ. ಜೂನ್‌ನಿಂದ ಮಳೆ ಬೀಳದ ಸೂರಿನ ಕೆಳಗೆ ಇಡಿ. ಏಪ್ರಿಲ್ ಬಿಸಿಲಲ್ಲಿ ಲೋಹದ ಪಾತ್ರೆ ಕಾದು ಬೇರು ಬೇಯುತ್ತದೆ. ಅವಕ್ಕೆ ಬೆಳಗಿನ ಬಿಸಿಲು ಬೀಳುವ ಪೂರ್ವದ ಕಡೆ ಒಳ್ಳೆಯದು.

ಜೋಡಿಸುವಾಗ ದಸರಾ ಗೊಂಬೆ ಕೂರಿಸುವ ಮೆಟ್ಟಿಲಿನಂತೆ ಹಿಂದೆ ಎತ್ತರ, ಮುಂದೆ ತಗ್ಗು ಮಾಡಿ, ಎಲ್ಲಕ್ಕೂ ಬೆಳಕು ಸಿಗುತ್ತದೆ. ನೆರಳು ತಡೆಯುವ ಹಾವರ್ಥಿಯಾ, ಸ್ನೇಕ್ ಪ್ಲಾಂಟ್ ಒಂದು ಕಡೆ, ಬೆಳಕು ಬೇಕಾದ ಎಚೆವೆರಿಯಾ ಇನ್ನೊಂದು ಕಡೆ. ಹಳೇ ಸಾಮಾನಿಗೆ ಬಣ್ಣ ಬಳಿಯಬೇಡಿ. ಮಸಿ, ತಗ್ಗು, ಸವೆತ ಇದ್ದರೇ ಅದು ಅಜ್ಜಿಯ ಸಾಮಾನು. ಹಸಿರು ಅದರ ಪಕ್ಕದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಾಲು ಸುರಿಸುವ ಕಳ್ಳಿ ಜಾತಿಗಳನ್ನು ಕೈಗೆಟುಕುವ ಮೆಟ್ಟಿಲಲ್ಲಿ ಇಡಬೇಡಿ. ಆ ಹಾಲು ಕಣ್ಣಿಗೆ ಬಿದ್ದರೆ ತುಂಬಾ ಅಪಾಯ. ತುಂಡು ಮಾಡುವಾಗ ನೀವೂ ಗ್ಲೌಸ್ ಹಾಕಿಕೊಳ್ಳಿ.