ಕೆಸರಿನ ಪರವಾಗಿ ಒಂದಿಷ್ಟು ಮಾತು

ಹಾಸನದಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷ ಓದ್ತಿರೋ ಒಬ್ಬರು ಕಾಗದ ಬರೆದಿದ್ದಾರೆ. ಹೋದ ಸಂಚಿಕೇಲಿ ನಾವು ಹಾಕಿದ್ದ, ಹೂತುಹೋದ ಕೆಸರಲ್ಲಿ ಖನಿಜ ಹೇಗೆ ಬದಲಾಗುತ್ತೆ ಅನ್ನೋ ಲೇಖನ ಓದಿ ಅವರಿಗೆ ಬೇಜಾರಾಗಿದೆ. "ಎಂಟು ಪುಟ ಜೇಡಿಮಣ್ಣಿಗೆ ಕೊಟ್ಟಿದ್ದೀರಿ ಸಾರ್, ಅದೇ ಜಾಗದಲ್ಲಿ ಬಾಹ್ಯಾಕಾಶದಲ್ಲಿ ರಾಕೆಟ್ ಇಂಧನ ದ್ರವ ಹೈಡ್ರೋಜನ್ ಹೇಗೆ ಕೂಡಿಡ್ತಾರೆ ಅಂತ ಬರೀಬಹುದಿತ್ತು, ಊರಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇಟ್ಕೊಂಡು ನೀವು ಮಣ್ಣು ಕೆದಕ್ತಾ ಕೂತಿದ್ದೀರಲ್ಲ" ಅಂತ ಕೇಳಿದ್ದಾರೆ.

ಕೇಳಿದ್ದು ಒಳ್ಳೇದಾಯ್ತು. ಇಷ್ಟು ಖಾರವಾಗಿ, ಇಷ್ಟು ಪ್ರೀತಿಯಿಂದ ಬರೆಯೋ ಓದುಗರು ಸಿಗೋದೇ ಅಪರೂಪ, ಅದಕ್ಕೇ ನಿಮ್ಮ ಕಾಗದಾನೇ ಈ ಸಲ ಎತ್ತಿಕೊಂಡೆ.

ಮೊದಲು ನಿಮ್ಮ ಕಡೆ ನ್ಯಾಯ ಒಪ್ಪಿಬಿಡ್ತೀನಿ. ದ್ರವ ಹೈಡ್ರೋಜನ್ ಮೈನಸ್ 253 ಡಿಗ್ರಿಗೇ ಕುದಿಯುತ್ತೆ, ಅದನ್ನ ಉರಿಸೋ ಆಕ್ಸಿಜನ್ ಮೈನಸ್ 183ಕ್ಕೆ. ಬಿಸಿಲು, ಟ್ಯಾಂಕ್ ಹಿಡಿದಿರೋ ಕಂಬಿ, ಪೈಪು, ಎಲ್ಲಿಂದಾದ್ರೂ ಸರಿ ಬಿಸಿ ನುಸುಳಿಬಿಡುತ್ತೆ, ಒಳಗಿರೋದು ಆವಿಯಾಗಿ ಒತ್ತಡ ಏರುತ್ತೆ. ತೂಕವೇ ಇಲ್ಲದ ಕಡೆ ದ್ರವ ತಳದಲ್ಲಿ ನಿಲ್ಲೋದೂ ಇಲ್ಲ, ಆವಿ ಬಿಡೋಣ ಅಂತ ವಾಲ್ವ್ ತೆಗೆದ್ರೆ ದ್ರವಾನೇ ಹೊರಗೆ ಚಿಮ್ಮಬಹುದು. ನಮ್ಮ ಜಿಎಸ್‌ಎಲ್‌ವಿ ರಾಕೆಟ್ 2014ರ ಜನವರಿ 5ಕ್ಕೆ ಸ್ವದೇಶಿ ಕ್ರಯೋಜೆನಿಕ್ ಎಂಜಿನ್ (ಇಂಥ ಕಡುಚಳಿಯ ದ್ರವಗಳಿಂದ ಓಡೋದು) ಇಟ್ಕೊಂಡು ಗೆದ್ದಾಗ ನಾನೂ ಟೀವಿ ಮುಂದೆ ಎದ್ದು ನಿಂತು ಚಪ್ಪಾಳೆ ಹೊಡೆದವನೇ. ಆದ್ರೆ ಆ ಎಂಜಿನ್ ಉರಿಯೋದು ಸುಮಾರು 12 ನಿಮಿಷ. ತಿಂಗಳುಗಟ್ಟಲೆ ಕೂಡಿಡೋದು ಅಂದ್ರೆ ಬೇರೇನೇ ಕಷ್ಟ. 2018ರ ಡಿಸೆಂಬರಲ್ಲಿ ನಾಸಾದವರು ಆರ್‌ಆರ್‌ಎಂ-3 ಅನ್ನೋ ಪ್ರಯೋಗದಲ್ಲಿ 42 ಲೀಟರ್ ದ್ರವ ಮೀಥೇನ್ ಮೇಲಕ್ಕೆ ಕಳಿಸಿದ್ರು, ನಾಲ್ಕು ತಿಂಗಳು ಒಂದು ಹನಿಯೂ ಆವಿಯಾಗದ ಹಾಗೆ ಕಾಪಾಡಿದ್ರು, ಆಮೇಲೆ ತಣ್ಣಗಿಡೋ ಕೂಲರ್ ಕೈಕೊಟ್ಟು ಅಷ್ಟನ್ನೂ ಹೊರಗೆ ಬಿಡಬೇಕಾಯ್ತು. ಹರ್ಷೆಲ್ ದೂರದರ್ಶಕ 2009ರಲ್ಲಿ ತನ್ನ ಉಪಕರಣ ತಣ್ಣಗಿಡೋಕೆ 2,000 ಲೀಟರಿಗೂ ಜಾಸ್ತಿ ದ್ರವ ಹೀಲಿಯಂ ಬಾಹ್ಯಾಕಾಶಕ್ಕೆ ಹೊತ್ಕೊಂಡು ಹೋಯ್ತು, 2013ರ ಏಪ್ರಿಲಲ್ಲಿ ಹೀಲಿಯಂ ಮುಗೀತು, ಅದರ ಜೊತೆಗೆ ಅದರ ಕಣ್ಣೂ ಮುಚ್ಚಿತು. ದೊಡ್ಡ ವಿದ್ಯೆ, ಇಲ್ಲ ಅನ್ನಲ್ಲ. ಒಂದು ತಿದ್ದುಪಡಿ ಮಾತ್ರ: ನಮ್ಮ ಎಂಸಿಎಫ್ 1982ರಿಂದ ನೋಡ್ಕೊಳ್ತಿರೋ ಉಪಗ್ರಹಗಳಲ್ಲಿ ಇರೋದು ಈ ಥರ ಇಂಧನ ಅಲ್ಲ, ಇಷ್ಟು ಚಳಿ ಬೇಡದೆ ವರ್ಷಗಟ್ಟಲೆ ದ್ರವವಾಗೇ ಇರೋ ಅಂಥದ್ದು. ಊರಿನ ಹೆಮ್ಮೆ ಹೇಳ್ಕೊಳ್ಳುವಾಗ ಇಷ್ಟು ವಿವರ ಗೊತ್ತಿರಬೇಕು.

ಈಗ ನನ್ನ ಕೆಸರಿಗೆ ಬನ್ನಿ.

ಅಜ್ಜಂಪುರದ ಕಡೆ ಎರೆ ಹೊಲ ನೋಡಿದ್ದೀರಾ? ಬೇಸಿಗೇಲಿ ಕೈ ಹೋಗೋ ಅಷ್ಟು ಬಿರುಕು, ಮಳೆ ಬಿದ್ರೆ ಉಬ್ಬಿ ಮುಚ್ಕೊಂಡು ಕಾಲಿಗೆ ಮುದ್ದೆ ಮುದ್ದೆ ಅಂಟುತ್ತೆ. ಹಾಗೆ ಉಬ್ಬಿಸೋದು ಸ್ಮೆಕ್ಟೈಟ್ ಅನ್ನೋ ಖನಿಜ. ಅದರೊಳಗೆ ಹಾಳೆ ಮೇಲೆ ಹಾಳೆ ಇರುತ್ತೆ, ಹಾಳೆಗಳ ಸಂದೀಲಿ ನೀರು ಕೂತಿರುತ್ತೆ. ಇದೇ ಮಣ್ಣು ಹೊಳೇಲಿ ಕೊಚ್ಕೊಂಡು ಹೋಗಿ ಸಮುದ್ರದ ತಳ ಸೇರಿ ಅದರ ಮೇಲೆ ಇನ್ನಷ್ಟು, ಮತ್ತಷ್ಟು ಬಿದ್ದು ಹೂತುಹೋಯ್ತು ಅನ್ಕೊಳ್ಳಿ. ಒಂದು ಕಿಲೋಮೀಟರ್ ಕೆಳಗೆ ಹೋದ್ರೆ ಸುಮಾರು 25ರಿಂದ 30 ಡಿಗ್ರಿ ಬಿಸಿ ಏರುತ್ತೆ. 70-80 ಡಿಗ್ರಿ ದಾಟ್ತಿದ್ದ ಹಾಗೆ ಪಕ್ಕದ ಫೆಲ್ಡ್‌ಸ್ಪಾರ್ ಅನ್ನೋ ಖನಿಜ ಕರಗಿ ಪೊಟ್ಯಾಷಿಯಂ ಬಿಟ್ಟುಕೊಡುತ್ತೆ, ಅದು ಹಾಳೆಗಳ ಸಂದೀಲಿ ಬೀಗದ ಹಾಗೆ ಕೂರುತ್ತೆ, ಅಲ್ಲಿದ್ದ ನೀರು ಹೊರಗೆ ಬರುತ್ತೆ. ಸ್ಮೆಕ್ಟೈಟ್ ಹೋಗಿ ಇಲ್ಲೈಟ್ ಅನ್ನೋ ಬೇರೆ ಖನಿಜ ಆಯ್ತು, ಇನ್ನು ಅದು ಉಬ್ಬಲ್ಲ. ಕೆಲಸ ಲಕ್ಷಗಟ್ಟಲೆ ವರ್ಷದ್ದು, ಬಿಡುಗಡೆ ಆದ ಸಿಲಿಕಾ ಪಕ್ಕದ ಮರಳಿಗೆ ಸಿಮೆಂಟಾಗುತ್ತೆ, ಹೊರಬಿದ್ದ ನೀರು ದಾರಿ ಸಿಗದೆ ಒತ್ತಡ ಕಟ್ಟುತ್ತೆ, ತೈಲ ಬಾವಿ ಕೊರೆಯೋರು ಹೆದರೋದು ಇಂಥ ಒತ್ತಡಕ್ಕೇ. ನಿಮ್ಮ ಟ್ಯಾಂಕಲ್ಲಿ ಬಿಸಿ ಅನ್ನೋದು ಕಳ್ಳ, ನೆಲದೊಳಗೆ ಅದೇ ಬಿಸಿ ಕಸುಬುದಾರ.

ಬಾಹ್ಯಾಕಾಶಾನೇ ಬೇಕು ಅಂದ್ರೆ ಅಲ್ಲೂ ಈ ಮಣ್ಣೇ ಎದುರಾಗುತ್ತೆ. ಮಂಗಳದ ಗೇಲ್ ಕುಳೀಲಿ ಕ್ಯೂರಿಯಾಸಿಟಿ ರೋವರ್ ಹಳೇ ಕೆಸರುಗಲ್ಲು ಕೊರೆದಾಗ, 2013ರಲ್ಲಿ, ಸಿಕ್ಕಿದ್ದು ಸ್ಮೆಕ್ಟೈಟ್. 300 ಕೋಟಿ ವರ್ಷಕ್ಕೂ ಹಳೇ ಕೆಸರು, ಇನ್ನೂ ಇಲ್ಲೈಟ್ ಆಗಿಲ್ಲ ಅಂದ್ರೆ ಅದು ಜಾಸ್ತಿ ಬಿಸಿ ಕಾಣಲೇ ಇಲ್ಲ ಅಂತ ಅರ್ಥ. ಮಣ್ಣು ಓದಕ್ಕೆ ಬರದೆ ಇದ್ದಿದ್ರೆ ಅಷ್ಟು ದುಡ್ಡಿನ ರೋವರ್ ಹೇಳಿದ್ದು ಯಾರಿಗೆ ಅರ್ಥ ಆಗ್ತಿತ್ತು?

ನೀವು ಖಂಡಿತ ಓದಬೇಕಾದ ಸಂಗತಿ ಇನ್ನೊಂದಿದೆ. ಹೈಡ್ರೋಜನ್ ಅಣುವಲ್ಲಿ ಆರ್ಥೋ, ಪ್ಯಾರಾ ಅಂತ ಎರಡು ಬಗೆ, ಒಳಗಿನ ಎರಡು ಪ್ರೋಟಾನ್‌ಗಳ ಗಿರಕಿ ಒಂದೇ ದಿಕ್ಕಿಗಿದ್ರೆ ಆರ್ಥೋ, ಎದುರುಬದುರಾದ್ರೆ ಪ್ಯಾರಾ. ನಮ್ಮ ಕೋಣೆಯ ಬಿಸಿಗೆ ಮೂರು ಪಾಲು ಆರ್ಥೋ, ಒಂದು ಪಾಲು ಪ್ಯಾರಾ. ದ್ರವವಾಗಿರೋ ಆ ಮೈನಸ್ 253ರ ಚಳೀಲಿ ಹೆಚ್ಚುಕಮ್ಮಿ ಪೂರ್ತಿ ಪ್ಯಾರಾನೇ ಆಗಬೇಕು. ಅವಸರಕ್ಕೆ ದ್ರವ ಮಾಡಿ ತುಂಬಿಬಿಟ್ರೆ ಟ್ಯಾಂಕೊಳಗೆ ಕೂತು ನಿಧಾನಕ್ಕೆ ಬದಲಾಗುತ್ತೆ, ಬದಲಾಗ್ತಾ ಬಿಸಿ ಬಿಡುತ್ತೆ, ಆ ಬಿಸಿ ಅದನ್ನ ಕುದಿಸೋಕೆ ಬೇಕಾದ್ದಕ್ಕಿಂತ ಜಾಸ್ತಿ. ಮುಚ್ಚಳ ಎಷ್ಟೇ ಗಟ್ಟಿ ಇರಲಿ, ಶತ್ರು ಒಳಗೇ! ಅದಕ್ಕೇ ದ್ರವ ಮಾಡುವಾಗಲೇ ಒಂದು ಪುಡಿ ಮೇಲೆ ಹಾಯಿಸಿ ಬದಲಾವಣೆ ಮುಗಿಸಿಬಿಡ್ತಾರೆ. ಸಾಮಾನ್ಯವಾಗಿ ಬಳಸೋ ಆ ಪುಡಿ ಯಾವುದು ಗೊತ್ತಾ? ನೀರು ಹಿಡಿದ ಕಬ್ಬಿಣದ ಆಕ್ಸೈಡು, ತುಕ್ಕಿನ ಜಾತಿ. ಬಾಬಾಬುಡನ್‌ಗಿರಿ ರಸ್ತೇಲಿ ಮಳೆಗಾಲದಲ್ಲಿ ನಿಮ್ಮ ಬೈಕಿನ ಟೈರಿಗೆ ಅಂಟೋ ಕೆಂಪಿನ ದಾಯಾದಿ.

ಆ ಗಿರಿಗೆ ನೀವು ಹೋಗಿರ್ತೀರಿ, ಫೋಟೋ ತೆಗೆಸ್ಕೊಂಡಿರ್ತೀರಿ. ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲು ಅಲ್ಲಿದೆ, ಒಂದು ಪಟ್ಟೆ ಕಪ್ಪು, ಒಂದು ಕೆಂಪು, ಬೆರಳು ಆಡಿಸಿದ್ರೆ ಏರುತಗ್ಗು ಗೊತ್ತಾಗುತ್ತೆ. 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರದು. ಹಳೇಬೀಡಿಗೂ ಶಾಲೆ ಮಕ್ಕಳನ್ನ ಬಸ್ ಬಸ್ಸಲ್ಲಿ ಕರ್ಕೊಂಡು ಬರ್ತಾರೆ, ವಿಷ್ಣುವರ್ಧನನ ಹೆಸರು ಬಾಯಿಪಾಠ ಮಾಡಿಸ್ತಾರೆ, ಬಳಪದ ಕಲ್ಲು ಅಷ್ಟು ಮೆತ್ತಗೆ ಯಾಕಿದೆ ಅಂತ ಒಬ್ಬ ಮೇಷ್ಟ್ರೂ ಹೇಳಿದ್ದು ನಾನು ಕೇಳಿಲ್ಲ. ಅದು ಕೆಸರಿಂದ ಬಂದಿದ್ದಲ್ಲ, ಜ್ವಾಲಾಮುಖಿ ಕಾಲದ ಕಲ್ಲು ನೆಲದೊಳಗೆ ಬಿಸಿನೀರು ಕುಡಿದು ಮೆತ್ತಗಾಗಿದ್ದು, ಆ ಮೆತ್ತಗಿನಿಂದಲೇ ಶಿಲ್ಪಿಗೆ ಕಿವಿಯೋಲೆಯ ಮಣಿ ಮಣೀನೂ ಬಿಡಿಸಕ್ಕೆ ಆಗಿದ್ದು.

ನನ್ನ ಸಂಕಟ ಇಲ್ಲೇ ಇರೋದು. ಪಿಯುಸಿಲಿ ಜಿಯಾಲಜಿ ತಗೊಳ್ತೀನಿ ಅಂದ್ರೆ ಮನೇಲಿ ಯಾರೋ ತೀರ್ಕೊಂಡ ಹಾಗೆ ಮುಖ ಮಾಡ್ತಾರೆ, ಇತ್ತ ಅರಸೀಕೆರೆ ಕಡೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಬೋರ್‌ವೆಲ್ ಪಾಯಿಂಟ್ ಮಾಡಿಸ್ತಾರೆ. ಲಕ್ಷಗಟ್ಟಲೆ ಸುರಿದು 700 ಅಡಿ ಕೊರೆಸ್ತಾರೆ, ಅಷ್ಟು ಆಳದ ಪುಡಿ ತಾನಾಗೇ ಎದ್ದು ಬಂದು ಕಾಲ ಬುಡದಲ್ಲಿ ರಾಶಿ ಬೀಳುತ್ತೆ, ಒಂದು ಹಿಡಿ ಎತ್ತಿಡೋರು ಇಲ್ಲ. ಬೆಳಗ್ಗೆ ಅದೇ ಪುಡೀನ ಸಲಿಕೇಲಿ ಎಳೆದು ಗುಂಡಿಗೆ ತುಂಬ್ತಾರೆ.

ಐದಾರು ವರ್ಷದ ಹಿಂದೆ ನನ್ನ ಭಾವನ ತೋಟದಲ್ಲಿ ರಾತ್ರಿಯಿಡೀ ರಿಗ್ ಓಡಿದಾಗ ಒಂದೊಂದು ರಾಡ್ ಇಳಿದ ಹಾಗೂ ಒಂದೊಂದು ಮುಷ್ಟಿ ಪುಡಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ಅಡಿ ಬರೆದು ಇಟ್ಟೆ. ಮೊದಲು ಕೆಂಪು, ಆಮೇಲೆ ಬೂದು, ಆಮೇಲೆ ತುಂಬ ಹೊತ್ತು ಕಪ್ಪು-ಬಿಳಿ. ನೀರು ಬರಲಿಲ್ಲ, ಭಾವ ಮೂರು ದಿನ ಮಾತಾಡಲಿಲ್ಲ.

ಕ್ರಯೋಜೆನಿಕ್ ಟ್ಯಾಂಕಿನ ಬಗ್ಗೆ ಲೇಖನ ಖಂಡಿತ ಹಾಕೋಣ, ನೀವೇ ಬರೀರಿ, ಆರ್ಥೋ-ಪ್ಯಾರಾ ಬಿಡದೆ ಬರೀರಿ, ಎಂಟು ಪುಟ ನಿಮ್ಮದೇ. ಕೊಡೋಕೆ ಆಫೀಸಿಗೇ ಬನ್ನಿ. ಆ ಕವರುಗಳು ನನ್ನ ಮೇಜಿನ ಹಿಂದಿನ ಕಪಾಟಲ್ಲಿ ಸಾಲಾಗಿ ಇವೆ. ಅದರಲ್ಲಿ 410 ಅಡಿದು ಒಂದಿದೆ, ತಿಳಿ ಹಸಿರು, ಬೆರಳಲ್ಲಿ ಉಜ್ಜಿದ್ರೆ ಬಳಪದ ಹಾಗೆ ಜಾರುತ್ತೆ. ಅದೇನು ಅಂತ ಇಬ್ಬರೂ ಕೂತು ನೋಡೋಣ.