ಓದುಗರ ಪ್ರಶ್ನೆ: ನಿವಾಸಿಗಳು ಸಭೆಗೆ ಏಕೆ ಬರುವುದಿಲ್ಲ?

ಪ್ರಶ್ನೆ: ನಾನು ಸರ್ಕಾರಿ ವಸತಿ ಸಂಸ್ಥೆಯೊಂದರಲ್ಲಿ ಕಿರಿಯ ಎಂಜಿನಿಯರ್. ಕಡಿಮೆ ಆದಾಯದ ಕುಟುಂಬಗಳಿಗೆ ಕಟ್ಟಿದ ಬಹುಮಹಡಿ ಬ್ಲಾಕ್‌ಗಳ ನಿರ್ವಹಣೆ ನನ್ನ ಪಾಲಿಗಿದೆ. ನಿವಾಸಿಗಳ ಸಭೆ ಕರೆದರೆ ಬರುವವರು ಬೆರಳೆಣಿಕೆಯಷ್ಟು, ಬಂದವರೂ ಬೈದು ಹೋಗುತ್ತಾರೆ. ನಿರ್ವಹಣಾ ಶುಲ್ಕವೂ ವಸೂಲಾಗುತ್ತಿಲ್ಲ. ಏನು ಮಾಡಬೇಕು?
– ಹೆಸರು ಬೇಡವೆಂದಿರುವ ಓದುಗರು, ವಿಜಯಪುರ

ಉತ್ತರ: ಸಭೆ ಯಾವ ಹೊತ್ತಿಗೆ ಕರೆಯುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ಕಚೇರಿಯ ವೇಳೆಗೆ ಹೊಂದಿಸಿಕೊಂಡು ಬೆಳಿಗ್ಗೆ ಹನ್ನೊಂದಕ್ಕೆ ಕರೆಯುತ್ತಿದ್ದರೆ, ಗೌಂಡಿ ಕೆಲಸಕ್ಕೆ, ಹಮಾಲಿಗೆ, ಮನೆಗೆಲಸಕ್ಕೆ ಹೋಗುವವರು ಒಂದು ದಿನದ ಪಗಾರ ಬಿಟ್ಟು ಬರಬೇಕೆಂದು ನೀವು ಬಯಸಿದಂತಾಗುತ್ತದೆ. ನಿಮ್ಮ ಜಿಲ್ಲೆಯಲ್ಲಿ ಇನ್ನೊಂದು ಸಂಗತಿಯೂ ಇದೆ: ಕಬ್ಬು ಕಡಿಯಲು, ಪುಣೆ ಮತ್ತು ಗೋವಾದ ಕಟ್ಟಡ ಕೆಲಸಕ್ಕೆ ಗುಳೆ ಹೋದವರ ಮನೆಗಳಲ್ಲಿ ವರ್ಷದ ಕೆಲವು ತಿಂಗಳು ಮುದುಕರು ಮತ್ತು ಮಕ್ಕಳಷ್ಟೇ ಇರುತ್ತಾರೆ. ಶುಲ್ಕ ಏರಿಸುವಂಥ ತೀರ್ಮಾನವನ್ನು ಅವರೆಲ್ಲ ಊರಲ್ಲಿರುವ ಹಬ್ಬದ ದಿನಗಳ ಆಸುಪಾಸಿನಲ್ಲಿ, ಸಂಜೆ ಹೊತ್ತು, ಬ್ಲಾಕಿನ ಅಂಗಳದಲ್ಲಿಯೇ ಚರ್ಚೆಗಿಡುವುದು ಒಳ್ಳೆಯದು.

ಆದರೆ ಹೊತ್ತು ಬದಲಿಸಿದ ಮಾತ್ರಕ್ಕೆ ಜನ ಬರುತ್ತಾರೆ ಎಂದು ನಾನು ಹೇಳಲಾರೆ. ಮೇಲಿನ ಮನೆಯ ಬಚ್ಚಲ ನೀರು ತನ್ನ ಅಡುಗೆಮನೆಯ ಗೋಡೆಗೆ ಇಳಿಯುತ್ತಿದೆ ಎಂದು ಹಿಂದಿನ ಸಭೆಯಲ್ಲಿ ಹೇಳಿದ ಹೆಣ್ಣುಮಗಳಿಗೆ ಆಮೇಲೆ ಯಾವ ಉತ್ತರವೂ ಸಿಗದಿದ್ದರೆ, ಮುಂದಿನ ಸಭೆಗೆ ಅವಳು ಏಕೆ ಬರಬೇಕು? ಜನರ ಮಾತು ಕೇಳಿಸಿಕೊಳ್ಳಲು ನಮ್ಮ ಸಂಸ್ಥೆಗಳು ಮಾಡಿಕೊಂಡಿರುವ ಏರ್ಪಾಡು ಸಾಕಷ್ಟಿದೆ. ಕೇಳಿದ್ದು ಏನಾಯಿತು ಎಂದು ಮರಳಿ ಹೋಗಿ ತಿಳಿಸುವ ಏರ್ಪಾಡು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ನಿಮ್ಮ ತೊಂದರೆಯ ಬೇರು ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಇದು ನಮ್ಮಲ್ಲಿ ಮಾತ್ರ ಇರುವ ಕೊರತೆಯಲ್ಲ. ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ಸಾರ್ವಜನಿಕ ವಸತಿ ಕಟ್ಟಡದಲ್ಲಿ 2017ರ ಜೂನ್ 14ರಂದು ಬೆಂಕಿ ಬಿದ್ದು 72 ಜನ ಸತ್ತರು. ಅಲ್ಲಿನ ನಿವಾಸಿಗಳ ಗುಂಪೊಂದು ಬೆಂಕಿಯ ಅಪಾಯದ ಬಗ್ಗೆ ಮೊದಲೇ ಎಚ್ಚರಿಸಿತ್ತು. ಆ ದುರಂತದ ನಂತರ ನಡೆದ ಚರ್ಚೆಯ ಫಲವಾಗಿ 2023ರಲ್ಲಿ ಅಲ್ಲಿ ಸಾಮಾಜಿಕ ವಸತಿಗೆ, ಅಂದರೆ ಕಡಿಮೆ ಬಾಡಿಗೆಗೆ ಕೊಡುವ ಇಂಥ ಮನೆಗಳಿಗೆ, ಹೊಸ ಕಾನೂನು ಬಂತು. ಅದರಡಿ 2025ರ ಅಕ್ಟೋಬರ್‌ನಿಂದ ಇಂಗ್ಲೆಂಡಿನಲ್ಲಿ ಜಾರಿಯಾಗಿರುವ ನಿಯಮದ ಪ್ರಕಾರ, ತೇವ ಮತ್ತು ಬೂಷ್ಟಿನಿಂದ ಆರೋಗ್ಯಕ್ಕೆ ಗಂಭೀರ ಅಪಾಯವಿದೆ ಎಂಬ ದೂರು ಬಂದರೆ ಹತ್ತು ಕೆಲಸದ ದಿನಗಳೊಳಗೆ ತಪಾಸಣೆ ಮಾಡಬೇಕು, ತಪಾಸಣೆ ಮುಗಿದ ಮೂರು ಕೆಲಸದ ದಿನಗಳೊಳಗೆ ಏನು ಕಂಡುಬಂತು ಎಂಬುದನ್ನು ಬಾಡಿಗೆದಾರರಿಗೆ ಬರಹದಲ್ಲಿ ಕೊಡಬೇಕು. ತುರ್ತು ಅಪಾಯವಿದ್ದರೆ ಗಡುವು 24 ಗಂಟೆ. ದುರಸ್ತಿಯಷ್ಟೇ ಉತ್ತರವೂ ಕಡ್ಡಾಯವಾಗಿದೆ ಎಂಬುದನ್ನು ಗಮನಿಸಿ.

ಇಷ್ಟನ್ನು ಮಾಡಲು ನಿಮಗೆ ಮೇಲಿನ ಆದೇಶ ಬೇಕಿಲ್ಲ. ಪ್ರತಿ ಬ್ಲಾಕಿನ ಮೆಟ್ಟಿಲ ಬುಡದಲ್ಲಿ ಒಂದು ದೂರು ಪುಸ್ತಕ ಇಡಿಸಿ: ತಾರೀಖು, ಮನೆ ಸಂಖ್ಯೆ, ದೂರು, ಯಾರು ಬಂದು ನೋಡಿದರು, ಯಾವಾಗ ಸರಿಯಾಯಿತು, ಕೊನೆಯಲ್ಲಿ ದೂರು ಕೊಟ್ಟವರ ಸಹಿ ಅಥವಾ ಹೆಬ್ಬೆಟ್ಟು. ಆ ಸಹಿಯಿಲ್ಲದೆ ಗುತ್ತಿಗೆದಾರರ ಬಿಲ್ಲು ಪಾಸು ಮಾಡಬೇಡಿ. ಆಗದ ಕೆಲಸವಿದ್ದರೆ ಕಾರಣ ಬರೆಯಿರಿ, ಅನುದಾನ ಬಂದಿಲ್ಲವೆಂದಾದರೆ ಹಾಗೆಯೇ ಬರೆಯಿರಿ. ಓದಲು ಬಾರದವರಿಗೆ ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಬಹುದು.

ಶುಲ್ಕದ ಮಾತಿಗೆ ಬಂದರೆ, ಮೋಟಾರಿನ ಕರೆಂಟ್ ಬಿಲ್ಲು, ಟಾಕಿ ತೊಳೆಸಿದ ಖರ್ಚು, ಕಸ ಗುಡಿಸುವವರ ಪಗಾರ ಇವಿಷ್ಟನ್ನೂ ಪ್ರತಿ ತಿಂಗಳು ಗೋಡೆಗೆ ಅಂಟಿಸಿ, ನೀರು ಬಿಡುವ ಹೊತ್ತನ್ನೂ ಗುಡಿಸುವವರನ್ನು ನೇಮಿಸುವುದನ್ನೂ ನಿವಾಸಿಗಳ ಕೈಗೆ ಬಿಡಿ. ತಮ್ಮ ಮಾತು ನಡೆಯುವ ಕಡೆ ಜನ ದುಡ್ಡು ಕೊಡಲು ಅಷ್ಟಾಗಿ ಹಿಂಜರಿಯುವುದಿಲ್ಲ.

ಪ್ರಶ್ನೆ: ನಮ್ಮ ವಸಾಹತಿನಲ್ಲಿ ಹೆಚ್ಚಿನವರು ನೇಕಾರರು. ನೋಂದಾಯಿತ ನಿವಾಸಿಗಳ ಸಂಘವಿದೆ, ಆದರೆ ಅಧ್ಯಕ್ಷರು ಹೇಳಿದ್ದೇ ಅಂತಿಮ. ಅಧಿಕಾರಿಗಳು ಅವರೊಬ್ಬರನ್ನೇ ಕಂಡು ಹೋಗುತ್ತಾರೆ. ಹೆಂಗಸರ ಮಾತು ಕೇಳುವವರಿಲ್ಲ.
– ಓದುಗರೊಬ್ಬರು, ಬೆಳಗಾವಿ

ಉತ್ತರ: ಅಧಿಕಾರಿಗಳಿಗೆ ಒಬ್ಬರನ್ನು ಕಂಡು ಕೆಲಸ ಮುಗಿಸುವುದು ಸಲೀಸು, ಆದ್ದರಿಂದಲೇ ಈ ಪದ್ಧತಿ ತಾನಾಗಿ ನಿಲ್ಲುವುದಿಲ್ಲ. ನಿಮ್ಮ ಸಂಘ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ ನೋಂದಾಯಿತವಾಗಿದ್ದರೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಲೇಬೇಕು; ಕಳೆದ ಸಭೆಯ ನಡಾವಳಿಯನ್ನೂ ಲೆಕ್ಕಪತ್ರವನ್ನೂ ತೋರಿಸುವಂತೆ ಕೆಲವು ಸದಸ್ಯರು ಕೂಡಿ ಬರಹದಲ್ಲಿ ಕೇಳಿ. ವಸತಿ ಸಂಸ್ಥೆ ಸರ್ಕಾರದ್ದಾದರೆ, ನಿಮ್ಮ ವಸಾಹತಿನ ದುರಸ್ತಿಗೆ ಮಾಡಿದ ಖರ್ಚಿನ ವಿವರವನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಪಡೆಯಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಹೆಂಗಸರ ಮಾತಿಗೆ ಬೇರೆಯೇ ದಾರಿ ಬೇಕಾಗುತ್ತದೆ. ಗಂಡಸರು ತುಂಬಿದ ಸಭೆಯಲ್ಲಿ ಶೌಚಾಲಯದ ಪೈಪಿನ ಬಗ್ಗೆ ಸೊಸೆಯಾದವಳು ಎದ್ದು ನಿಂತು ಹೇಳುವುದು ಕಷ್ಟ. ಸ್ವಸಹಾಯ ಸಂಘದ ವಾರದ ಸಭೆಗೇ ಎಂಜಿನಿಯರನ್ನು ಕರೆಸಿ, ನೀರಿನ, ಬಚ್ಚಲಿನ, ಮೆಟ್ಟಿಲ ದೀಪದ ದೂರುಗಳನ್ನು ಅಲ್ಲಿಯೇ ಬರೆಸಿ. ಮಗ್ಗದ ಪಾಳಿ ಬಿಡುವ ಹೊತ್ತನ್ನು ನೋಡಿಕೊಳ್ಳಿ. ನೋಟಿಸು ಕನ್ನಡದ ಜೊತೆಗೆ ನೆರೆಹೊರೆಯವರು ಓದುವ ಮರಾಠಿ, ಉರ್ದುವಿನಲ್ಲಿಯೂ ಇದ್ದರೆ ನಷ್ಟವೇನಿಲ್ಲ. ಒಡೆದ ಚೇಂಬರಿನ ವಾಸನೆ ಎಲ್ಲರ ಮನೆಗೂ ಬರುತ್ತದೆ.

ಪ್ರಶ್ನೆ: ನಿವಾಸಿಗಳ ತೃಪ್ತಿಯ ಸಮೀಕ್ಷೆಯಿಂದ ಪ್ರಯೋಜನವಿದೆಯೇ?
– ಸಮಾಜಕಾರ್ಯ ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ಫಲಿತಾಂಶವನ್ನು ಪ್ರಕಟಿಸುವುದಾದರೆ ಇದೆ. ಇಂಗ್ಲೆಂಡಿನಲ್ಲಿ 2023ರ ಏಪ್ರಿಲ್‌ನಿಂದ ಸಾಮಾಜಿಕ ವಸತಿ ಸಂಸ್ಥೆಗಳ ಕೆಲಸವನ್ನು ಅಳೆಯಲು ಇಂಥ 22 ಮಾನದಂಡಗಳಿವೆ. 12ಕ್ಕೆ ಬಾಡಿಗೆದಾರರನ್ನೇ ಕೇಳಬೇಕು, ಉಳಿದ ಹತ್ತಕ್ಕೆ ಸಂಸ್ಥೆಯ ದಾಖಲೆಯೇ ಆಧಾರ. ನೀವು ಸಮೀಕ್ಷೆಗೆ ಇಳಿಯುವುದಾದರೆ ಫೋನಿನಲ್ಲಿ ಕೇಳಿ ಮುಗಿಸದೆ ಮನೆಗೆ ಹೋಗಿ, ನೀರು ತುಂಬಿಡುವವರನ್ನು ಮಾತಾಡಿಸಿ. ಆದರೆ ಕಟ್ಟಡ ಕಟ್ಟಿದ ಗುತ್ತಿಗೆದಾರರ ಕಡೆಯವರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ.